ಆ ಪೆಟ್ಟಿಗೆಗೆ ಮಾತ್ರ ಸಿಗ್ನಲ್ ಇಲ್ಲ

ಅಯ್ಯೋ ಅಯ್ಯೋ, ಅಲ್ಲಿ ಕೂತ್ಕೋಬೇಡಿ, ಗುಂಡುಸೂಜಿ ಚುಚ್ಚುತ್ತೆ! ಟೈಲರ್ ಮನೆ ಸೋಫಾ ಅಂದ್ರೆ ನೋಡ್ಕೊಂಡು ಕೂರಬೇಕು. ಹಾಂ, ಸ್ವಲ್ಪ ಸರೀರಿ, ಆ ಪರದೆ ಬಟ್ಟೆ ನಾನೇ ತೆಗೀತೀನಿ. ಇದೇ ನೋಡಿ ನಿಮ್ಮ ಗೇಮ್ ಪೆಟ್ಟಿಗೆ. ನಿಮ್ಮದು ಅಂದ್ರೆ... ನೀವೇ ತಾನೆ ಕೊಟ್ಟಿದ್ದು, ಪುಟ್ಟಿ ಹುಟ್ಟುಹಬ್ಬಕ್ಕೆ? ನೀವೂ ಅವಳಪ್ಪನೂ ಸೇರಿ. ನಾನು ಹೊಲಿದು ಕೊಟ್ಟ ಫ್ರಾಕು ಇನ್ನೂ ಮಡಿಕೆ ಬಿಚ್ಚಿಲ್ಲ. ಇರ್ಲಿ ಬಿಡಿ.

ಹೂಂ, ಶನಿವಾರದಿಂದ ಹೀಗೇ. ಪೆಟ್ಟಿಗೆ ಆನ್ ಆಗುತ್ತೆ, ದೀಪ ಉರಿಯುತ್ತೆ, ವೈಫೈ ಮಾತ್ರ ಸಿಗಲ್ಲ. ನನ್ನ ಫೋನಿಗೆ ಸಿಗುತ್ತೆ, ಟಿವಿಗೆ ಸಿಗುತ್ತೆ, ಇದೊಂದಕ್ಕೆ ಅದೇನು ಗ್ರಹಚಾರವೋ! ಎಲ್ಲಾ ಮಾಡಿ ನೋಡಿದ್ವಿ ರೀ. ರೂಟರ್ ಆಫ್ ಮಾಡಿ ಆನ್ ಮಾಡಿದ್ವಿ. ಪೆಟ್ಟಿಗೆ ಎತ್ಕೊಂಡು ಹೋಗಿ ರೂಟರ್ ಮಗ್ಗುಲಲ್ಲೇ ಇಟ್ವಿ. ಪಾಸ್‌ವರ್ಡ್ ಅಳಿಸಿ ಹೊಸದಾಗಿ ಹೊಡೆದ್ಲು ಪಾಪ, ಒಂದೊಂದೇ ಅಕ್ಷರ, ನಾಲಿಗೆ ಹೊರಗೆ ಚಾಚ್ಕೊಂಡು... ಊಹೂಂ. ಮೈಕ್ರೋವೇವ್ ಅಡ್ಡ ಬರುತ್ತೆ ಅಂತ ಎಲ್ಲೋ ಓದಿ ಅದರ ಪ್ಲಗ್ಗೂ ಕಿತ್ತುಬಿಟ್ಲು. ಹಾಲು ಒಲೆ ಮೇಲಿಟ್ಟು ಉಕ್ಕಿಸಿದ್ದು ನಾನು! ...ಯಾಕೆ ನಗ್ತೀರಿ? ಓ, ಆಗಲೇ ಹೇಳಿದಾಳಾ? ಹೇಳಿರ್ತಾಳೆ. ನಿಮಗೆ ಹೇಳದೆ ಇರೋದು ಅವಳ ಹತ್ರ ಏನಿದೆ.

ಇಲ್ಲ ಇಲ್ಲ, ನನಗೆ ಇದರ ತಲೆಬುಡ ಗೊತ್ತಾಗಲ್ಲ. ದಾರ ತುಂಡಾದ್ರೆ ಗೊತ್ತಾಗುತ್ತೆ, ಕಣ್ಣಿಗೆ ಕಾಣುತ್ತೆ. ಇದು ಗಾಳಿಯಲ್ಲಿ ಬರೋದು, ಎಲ್ಲಿ ತುಂಡಾಯ್ತು ಅಂತ ಹುಡುಕ್ಲಿ? ಚಹಾ ಇಡ್ಲಾ? ಬೇಡ್ವಾ? ಸರಿ. ಅವಳು ಈಜು ಕ್ಲಾಸಿಂದ ಬರೋ ಹೊತ್ತಾಯ್ತು. ಬಂದವಳೇ ‘ಚಿಕ್ಕಮ್ಮ ಬಂದ್ರಾ?’ ಅಂತಾಳೆ, ನೋಡ್ತಿರಿ. ಅಮ್ಮ ಅನ್ನೋಳು ಬಾಗಿಲಲ್ಲಿ ಕಂಬದ ಹಾಗೆ ನಿಂತಿದ್ರೂ ಕಾಣಲ್ಲ.

ಚಿಕ್ಕಮ್ಮ! ನಿಮ್ಮನ್ನ ಏನಂತ ಕರೀಬೇಕೋ ನನಗಂತೂ ಇನ್ನೂ ಗೊತ್ತಾಗಿಲ್ಲ. ಸವತಿ ಅನ್ನೋಣ ಅಂದ್ರೆ ಆ ಮನುಷ್ಯನ್ನ ಬಿಟ್ಟು ಬಂದೋಳು ನಾನು, ನೀವು ಬಂದದ್ದು ಆಮೇಲೆ. ತಂಗಿ ಅನ್ನೋಣ ಅಂದ್ರೆ ನಾಲಿಗೆ ಹೊರಳಲ್ಲ. ಗಂಡನ ವಿಷಯಕ್ಕೆ ಹೊಟ್ಟೆಕಿಚ್ಚು ಅಂದ್ಕೋಬೇಡಿ ಮತ್ತೆ! ಆ ಗೊರಕೆ ನಿಮಗೇ ಇರಲಿ, ಸಂತೋಷ. ಆದ್ರೆ...

ಆದ್ರೆ ದಿನಾ ಸಂಜೆ ಹೋಂವರ್ಕ್ ಮುಗಿಸಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸ್ಕೊಂಡ್ಲು ಅಂದ್ರೆ ಮುಗೀತು. ನೀವು ನಿಮ್ಮ ಮನೇಲಿ, ಅವಳು ಇಲ್ಲಿ, ಆ ಆಟದೊಳಗೆ ಇಬ್ಬರೂ ಸೇರಿ ಮನೆ ಕಟ್ಟೋದು. ಕಿಟಕಿ ಇಲ್ಲಿಡೋಣ, ಮೆಟ್ಟಿಲು ಅಲ್ಲಿಡೋಣ... ನಗು ಅಂದ್ರೆ ನಗು! ನಿಮ್ಮ ಮಾತು ನನಗೆ ಕೇಳಲ್ಲ, ಅವಳ ನಗು ಮಾತ್ರ ಕೇಳುತ್ತೆ. ನಾನು ಇಲ್ಲಿ ಮಷೀನ್ ತುಳೀತಾ ಕೂತಿರ್ತೀನಿ. ಒಂದಿನ ನಾನೂ ಹೋಗಿ ಪಕ್ಕದಲ್ಲಿ ಕೂತೆ ರೀ. ‘ಅಮ್ಮಾ, ಅಡ್ಡ ಬರಬೇಡ’ ಅಂದ್ಲು. ಅಡ್ಡ ಅಂತೆ! ನಾನು! ಹೆತ್ತೋಳು ನಾನು, ಜ್ವರ ಬಂದ್ರೆ ಎದ್ದು ಕೂರೋಳು ನಾನು, ಹಲ್ಲುಜ್ಜು, ಓದು, ಮಲಗು ಅಂತ ಬೈದು ಕೆಟ್ಟೋಳಾಗೋಳೂ ನಾನೇ. ನಗಿಸೋಳು ಮಾತ್ರ ನೀವು! ಹೊಟ್ಟೆ ಉರಿಯುತ್ತೆ ರೀ. ಹೌದು, ಉರಿಯುತ್ತೆ, ಸುಳ್ಳು ಯಾಕೆ ಹೇಳ್ಲಿ.

ಏನು, ಫೋನಾ? ನನ್ನ ಫೋನ್ ಯಾಕೆ? ...ಓ, ರೂಟರ್ ಆ್ಯಪ್. ಇದೆ. ಕನೆಕ್ಷನ್ ಕೊಡೋಕೆ ಬಂದೋನು ಹಾಕಿಕೊಟ್ಟು ಹೋದ. ನಾನು ಒಂದಿನಾನೂ ತೆಗೆದು ನೋಡಿಲ್ಲ. ಬೇಡ ಬಿಡಿ, ಅದರಲ್ಲೇನಿರುತ್ತೆ... ಅಯ್ಯೋ, ಅನುಮಾನ ಅಲ್ಲ, ಚಾರ್ಜ್ ಕಮ್ಮಿ ಇದೆ ಅಂತ... ತಗೊಳ್ಳಿ. ತಗೊಳ್ಳೀಮ್ಮಾ.

ಸಿಕ್ತಾ? ...ಏನು ಹಾಗೆ ನೋಡ್ತಾ ಇದೀರಿ? ಆ ಕೆಂಪು ಗುರುತು ತಾನಾಗೇ ಬಂದಿರುತ್ತೆ ಬಿಡಿ. ಈ ಆ್ಯಪ್‌ಗಳ ಹಣೆಬರಹವೇ ಹೀಗೆ. ಕೈ ತಗುಲಿ... ಬಟ್ಟೆ ಕತ್ತರಿಸುವಾಗ ಫೋನು ಮೇಜಿನ ಮೇಲೇ ಬಿದ್ದಿರುತ್ತಲ್ಲ... ಏನು? ಯಾಕೆ ನನ್ನ ಮುಖ ನೋಡ್ತೀರಿ?

...ಹೌದಲ್ಲ. ಫೋನ್ ನಿಮ್ಮ ಕೈಲಿದೆ. ಕೆಂಪು ಅಂತ ನೀವು ಅಂದೇ ಇಲ್ಲ.

ಬೈಯಿ. ಎಂಥ ತಾಯಿ ನೀನು ಅಂತ ಕೇಳು! ನಾನೇ ಬ್ಲಾಕ್ ಮಾಡಿದ್ದು, ಆಯ್ತಾ? ಶನಿವಾರ ಇಡೀ ದಿನ ನಿಮ್ಮನೇಲಿ ಇದ್ದು ಬಂದ್ಲಲ್ಲ, ಊಟಕ್ಕೂ ಕೂರದೆ ಮತ್ತೆ ಇದರ ಮುಂದೆ ಕೂತ್ಲು. ಅಷ್ಟು ಹೊತ್ತು ಜೊತೆಗಿದ್ದದ್ದು ಸಾಲದಾ ನಿಮಗೆ? ಒತ್ತಿಬಿಟ್ಟೆ. ಒಂದು ಸಂಜೆ ಮಟ್ಟಿಗೆ ಅಂತಲೇ ಒತ್ತಿದ್ದು ಕಣೆ, ಆಣೆಗೂ. ಅವತ್ತು ನನ್ನ ಪಕ್ಕ ಬಂದು ಕೂತ್ಲು, ಗುಂಡಿಗಳನ್ನ ಬಣ್ಣ ಬಣ್ಣ ಬೇರೆ ಮಾಡ್ತಾ ಸ್ಕೂಲಿನ ಕಥೆ ಎಲ್ಲಾ ಹೇಳಿದ್ಲು. ಮಾರನೇ ದಿನ ತೆಗೆಯೋಕೆ ಮನಸ್ಸೇ ಬರಲಿಲ್ಲ. ಅವಳು ಪಾಸ್‌ವರ್ಡ್ ಹೊಡೀತಾ ಇದ್ರೆ ಪಕ್ಕದಲ್ಲೇ ನಿಂತು ‘ಸರಿಯಾಗಿ ನೋಡಿ ಹೊಡಿ’ ಅಂದೆ. ನಾನೇ ಅಂದೆ!

ಬ್ಲಾಕ್ ತೆಗೆದ್ಯಾ? ...ಓ, ಆಟ ಬಂತು. ಇದೇನಾ ನೀವು ಕಟ್ಟಿರೋ ಮನೆ? ದೊಡ್ಡದಾಗೇ ಇದೆ. ಒಳಗೆ ಹೋಗು... ಆ ಕೊನೇ ರೂಮು ಯಾರದು? ತಡಿ, ತಡಿ. ಅದೇನು ಕಪ್ಪಗೆ... ಹೊಲಿಗೆ ಮಷೀನಾ? ನನ್ನ ರೂಮಾ? ಅಲ್ಲ ಕಣೆ, ಚಕ್ರ ಎಡಗಡೆ ಇಟ್ಟಿದೀಯಲ್ಲ! ಯಾವ ಮಷೀನಿಗೆ ಚಕ್ರ ಎಡಗಡೆ ಇರುತ್ತೆ? ನನ್ನ ಮಗಳು ಹೀಗೆ ಇಡಲ್ಲ, ಆ ಚಕ್ರ ತಿರುಗಿಸ್ತಾನೇ ಬೆಳೆದೋಳು ಅವಳು... ಹಾಗಾದ್ರೆ ಇದು ನೀನು ಇಟ್ಟಿದ್ದು. ನನಗೆ ಅಂತ ರೂಮು ಮಾಡಿದ್ದು ನೀನು.

ಶ್! ಮೆಟ್ಟಿಲ ಮೇಲೆ ಸದ್ದು. ಬಂದ್ಲು. ಏನು ಹೇಳ್ತೀಯ ಅವಳಿಗೆ? ಗೋಡೆ ಅಡ್ಡ ಇತ್ತು ಅನ್ನು. ರೂಟರ್ ಹಳೇದು ಅನ್ನು. ನಿನ್ನ ದಮ್ಮಯ್ಯ, ಏನಾದ್ರೂ ಒಂದು... ಯಾಕೆ ಫೋನ್ ವಾಪಸ್ ಕೊಡ್ತೀಯ? ಮಾತಾಡೇ! ದೂರೋದೂ ಇಲ್ಲ, ಮುಚ್ಚಿಡೋದೂ ಇಲ್ಲ, ಸುಮ್ನೆ ಹೀಗೆ ಕೂತುಬಿಟ್ರೆ ನಾನೇನು ಮಾಡ್ಲಿ?

...ಬಂದ್ಯಾ ಪುಟ್ಟಿ? ತಲೆ ಇನ್ನೂ ಒದ್ದೆ ಇದೆ, ಟವೆಲ್ ತಗೋ. ಹೂಂ, ಬಂದಿದಾರೆ. ಹೂಂ, ಸರಿಹೋಯ್ತು. ಏನಾಗಿತ್ತಾ?

ಚಿಕ್ಕಮ್ಮನ ಮುಖ ಯಾಕೆ ನೋಡ್ತೀಯ? ಅವರು ಹೇಳಲ್ಲ. ಈ ಕಡೆ ಬಾ. ನನ್ನ ಕೇಳು.