ಅಳಿಸದೆ ಉಳಿದ ದೂರು

ಕೈಯಲ್ಲಿ ಫೋನು ಹಿಡಿದು ಬಸ್ಸಿನಲ್ಲಿ ಕೂತಿದ್ದ ಮುದುಕ ಬಡಗಿಗೆ, ಮುಂದಿನ ಸೀಟಿನಲ್ಲಿ ಲೈಬ್ರರಿಯ ಹೆಂಗಸು ತನ್ನ ಅಕ್ಕನೊಡನೆ ಆಡುತ್ತಿದ್ದ ಮಾತು ಕಿವಿಗೆ ಬಿತ್ತು.

“ಕೆಲಸ ಉಳೀತೇನೇ?”

“ಉಳೀತು ಕಣಕ್ಕ.”

“ಲೈಬ್ರರಿ ಸಮಿತಿ ಅಧ್ಯಕ್ಷರು ಅಳಿಸು ಅಂದಿದ್ದನ್ನ ಅಳಿಸ್ಲಿಲ್ವಲ್ಲೇ ನೀನು?”

“ಅಧ್ಯಕ್ಷರೇ ಎರಡು ವರ್ಷದಿಂದ ಪುಸ್ತಕ ವಾಪಸ್ ಕೊಟ್ಟಿಲ್ಲ ಅಂತ ಓದುಗರೊಬ್ರು ಲೈಬ್ರರಿ ಫೇಸ್‌ಬುಕ್ಕಲ್ಲಿ ಬರೆದ್ರೆ, ಅದು ದೂರು. ಬೈಗುಳ ಆದ್ರೆ ತೆಗೀಬಹುದು, ದೂರು ತೆಗೆಯೋ ಹಾಗಿಲ್ಲ. ನಿಯಮ ತೋರಿಸ್ದೆ.”

“ಒಪ್ಪಿದ್ರಾ?”

“ಆ ನಿಯಮದ ಕೆಳಗೆ ಅವರದೇ ಸಹಿ ಇತ್ತು. ಓದದೆ ಹಾಕಿದ್ರಂತೆ.”

ಅಕ್ಕ ಸೆರಗು ಅಡ್ಡ ಹಿಡಿದು ನಕ್ಕಳು. “ಬರೆದ ಪುಣ್ಯಾತ್ಮನ ಗತಿ?”

“ಅವರ ತಂಟೆಗೆ ಯಾರೂ ಹೋಗಲ್ಲ. ನಾಳೆ ಪುಸ್ತಕಾನೂ ಬರುತ್ತೆ.”

ಇಬ್ಬರೂ ಇಳಿದು ಹೋದರು. ಈ ಹೆಣ್ಣುಮಗಳ ಕೆಲಸಕ್ಕೆ ಕುತ್ತು ಬಂದೀತೆಂದು ತನ್ನ ದೂರನ್ನು ತಾನೇ ಅಳಿಸಲು ಹೊರಟಿದ್ದ ಬಡಗಿ, ಫೋನನ್ನು ಜೇಬಿಗಿಳಿಸಿ ನಿರಾಳವಾಗಿ ಒರಗಿದ.