ಬಲಗಡೆ ಮೂಲೆ

…ನಗು, ನಗು! ನಿನ್ನ ಆಮಂತ್ರಣದ ಕಾರ್ಡಿನ ಮೂಲೆ ಕತ್ತರಿಸಿದೆ ಅಂತ ಅಷ್ಟೊಂದು ನಗಬೇಕಾ? ಅಭ್ಯಾಸ ಕಣೇ. ಕಾಗದ ಕಂಡ್ರೆ ಕೈ ಸುಮ್ಮನಿರಲ್ಲ. ಮೇಲ್ಗಡೆ, ಬಲಗಡೆ ಮೂಲೆ, ಚಕ್! ನಿಮ್ಮಮ್ಮನ ಮದುವೆ ಕಾರ್ಡನ್ನೇ ಬಿಟ್ಟಿಲ್ಲ ನಾನು. ಚಿಕ್ಕವಳಿದ್ದಾಗ ನೀನು "ನಮ್ಮನೇಲಿ ಒಂದೇ ಮೂಲೆ ತಿನ್ನೋ ಇಲಿ ಇದೆ" ಅಂತ ಶಾಲೇಲೆಲ್ಲ ಸಾರ್ಕೊಂಡು ಬಂದಿದ್ದೆ. ಆ ಇಲಿಗೆ ಈಗ ತೊಂಬತ್ತೊಂದು.

ಎಲ್ಲಿ, ಏನು ಅಚ್ಚು ಹಾಕ್ಸಿದ್ದೀಯ ನೋಡೋಣ… ಕನ್ನಡಕ… ಹಾಂ. "ಮಹಾಯುದ್ಧದ ಮರುವಿಚಾರಣೆ. ನಾಳೆ ಬೆಳಿಗ್ಗೆ ಹತ್ತಕ್ಕೆ, ಗ್ರಂಥಾಲಯದ ಸಭಾಂಗಣ." ಅಬ್ಬಬ್ಬಾ! ಕಾಲೇಜಲ್ಲಿ ಚರಿತ್ರೆ ಪಾಠ ಹೇಳ್ಕೊಂಡು ನೆಮ್ಮದಿಯಾಗಿರು ಅಂದ್ರೆ, ನಮ್ಮ ವಕೀಲಮ್ಮ ಕಟಕಟೆ ಹಾಕಿಸ್ತಾಳೆ. ಯಾರನ್ನ ನಿಲ್ಲಿಸ್ತೀಯ ಅದರಲ್ಲಿ? …ಜೋರಾಗಿ ಹೇಳು, ಬಲಗಿವಿ ಕೇಳಲ್ಲ. …ಯಾರು? ನಮ್ಮ ದಳಪತಿಗಳನ್ನಾ?

ಅಲ್ಲಮ್ಮಾ, ಅವರು ಸತ್ತು ಮೂವತ್ತು ವರ್ಷ ಆಯ್ತು.

ಗೊತ್ತು, ಗೊತ್ತು, ಸತ್ತವರಿಗೂ ಚರಿತ್ರೆ ಅನ್ವಯ ಆಗುತ್ತೆ. ಆದ್ರೆ ಒಂದು ಮಾತು ಕೇಳು. ಆ ಕಡೆಯವರು ರೈಲು ಡಬ್ಬಿಗಳಲ್ಲಿ ಜನರನ್ನ ತುಂಬ್ಕೊಂಡು ಹೋಗಿ ಕೊಂದ್ರಾ ಇಲ್ವಾ? ಕೊಂದ್ರು. ಅವರನ್ನ ನಿಲ್ಲಿಸ್ಬೇಕಿತ್ತಾ ಬೇಡ್ವಾ? ಹಾಂ, ತಲೆ ಆಡಿಸ್ತೀಯ. ಕೈ ಮುಗಿದು ಬೇಡ್ಕೊಂಡಿದ್ರೆ ನಿಲ್ಲಿಸ್ತಿದ್ರಾ? ಯುದ್ಧ ಸರಿ ಇತ್ತು ಕಣೇ! ಯಾರು ಏನೇ ಬರೀಲಿ, ಸರಿ ಇತ್ತು. ನನ್ನ ಜೀವ ಇರೋ ತನಕ ಅದನ್ನ ಬಿಟ್ಟುಕೊಡಲ್ಲ ನಾನು.

ಏನು? …"ಯುದ್ಧ ಸರಿ ಅಂದ ಮಾತ್ರಕ್ಕೆ ಅದರಲ್ಲಿ ಮಾಡಿದ್ದೆಲ್ಲ ಸರಿಯಾ?" …ಇದು ನೋಡು, ಇದು ನಿಮ್ಮಜ್ಜಿ ಬುದ್ಧಿ. ಎಲ್ಲಿ ಹಿಡೀಬೇಕೋ ಅಲ್ಲೇ ಹಿಡೀತೀರ.

ಏನದು ಚೀಲದಿಂದ ತೆಗೀತಿರೋದು? ನಕ್ಷೆನಾ? ಮೇಜಿನ ಮೇಲೆ ಹಾಸು. ತಡಿ, ಆ ಮಾತ್ರೆ ಡಬ್ಬಿ ಎತ್ತಿಡ್ತೀನಿ. …ಅಯ್ಯೋ, ಇದು ಅಸಲು! ಕಡತದ ಕಚೇರಿಯವರು ಅಸಲನ್ನೇ ಕೊಟ್ಬಿಟ್ರಾ? ರುಜು ಹಾಕಿ ತಂದ್ಯಾ, ಸಭೇಲಿ ತೋರ್ಸೋದಕ್ಕೆ… ಸರಿ. ಸರಿ ಬಿಡು. ಏನಿಲ್ಲ, ಅಂಚು ನೇರ ಮಾಡ್ತಿದ್ದೀನಿ.

ಇದು ಊರು. ಮಧ್ಯದಲ್ಲಿ ಮೇಲಿಂದ ಕೆಳಕ್ಕೆ ನದಿ. ನಕ್ಷೇಲಿ ಬಲಗಡೆ ದಡದ ಮೇಲೆ ರೈಲು ಯಾರ್ಡು, ಶತ್ರುವಿನ ಮದ್ದುಗುಂಡೆಲ್ಲ ಅಲ್ಲಿಂದಾನೇ ಹೋಗ್ತಿತ್ತು. ಎಡಗಡೆ ನೂಲಿನ ಗಿರಣಿ ಕೆಲಸಗಾರರ ಓಣಿ. ನಕ್ಷೆ ಮೇಲೆ ಇಡೋದು ಅಡಿಯದೆಲ್ಲ ಕಾಣೋ ಈ ಟ್ರೇಸಿಂಗ್ ಪೇಪರ್. ಸಭೇಲಿ ಯಾರಾದ್ರೂ ಕೇಳಿದ್ರೆ ತಪ್ಪು ಹೇಳ್ಬೇಡ, ಕೇಳ್ಕೋ. ಇದರ ಮೇಲೆ ಬಾಂಬ್ ಹಾಕ್ಬೇಕಾದ ಜಾಗಕ್ಕೆ ಕೆಂಪು ಶಾಯೀಲಿ ಮೂರು ಸುತ್ತು, ನಕ್ಷೆಗೆ ಹೊಂದಿಸೋಕೆ ನಾಲ್ಕು ಕಡೆ ಕೂಡಿಸೋ ಗುರುತು, ಅಷ್ಟೇ. ಅಕ್ಷರ ಒಂದೂ ಇಲ್ಲ. ದಾರೀಲಿ ಯಾರ ಕೈಗಾದ್ರೂ ಸಿಕ್ಕಿದ್ರೂ ಯಾವ ಊರು ಅಂತ ಗೊತ್ತಾಗ್ಬಾರ್ದು. ಆದ್ರೆ ಅಕ್ಷರ ಇಲ್ಲದ ಹಾಳೆ ಹಿಂದೂ ಮುಂದೂ ಒಂದೇ ತರ ಕಾಣುತ್ತಲ್ಲ! ಅದಕ್ಕೇ ಮೂಲೆ ಕತ್ತರಿಸೋದು. ಕತ್ತರಿಸಿದ ಮೂಲೆ ಮೇಲೆ ಬಲಕ್ಕೆ ಬರೋ ಹಾಗೆ ಇಟ್ರೆ ಸರಿ. ವಿಮಾನದ ಅಡ್ಡೆಯಲ್ಲಿದ್ದ ಗುಮಾಸ್ತ ಕಣ್ಮುಚ್ಚಿಕೊಂಡು ಇಡ್ತಿದ್ದ. ನಕ್ಷೆ ಕೋಣೇಲಿ ಆರು ಜನ ಇದ್ವಿ, ಆರು ಕತ್ತರಿ. ಈಗ ಉಳಿದಿರೋದು ಇದೊಂದು ಇಲಿ.

ಹಾಂ, ಇಟ್ಟೆ. ಮೂಲೆ ಬಲಕ್ಕೆ. ಮೂರು ಸುತ್ತೂ… ಹೌದು. ಗಿರಣಿ ಓಣಿ ಮೇಲೇ ಬೀಳುತ್ತೆ. ಕಾಣುತ್ತಮ್ಮಾ, ನನಗೇನು ಕುರುಡಾ?

ಅದಕ್ಕೇ ನೀನು ಹೇಳೋದು, ದಳಪತಿ ಬೇಕಂತಲೇ ಓಣಿ ಸುಡಿಸಿದ ಅಂತ. ಮುನ್ನೂರ ಹನ್ನೆರಡು ಜನ. ಅದರಲ್ಲಿ ಮಕ್ಕಳೆಷ್ಟು ಅಂತಾನೂ ಬರ್ಕೊಂಡಿದ್ದೀಯ. ನಾಳೆ ನನ್ನನ್ನ ವೇದಿಕೆ ಮೇಲೆ ಕೂರಿಸ್ತೀಯ, ನಾನು "ಹೌದು, ಮೇಲಿನಿಂದ ಹೇಳಿದ ಹಾಗೆ ಸುತ್ತು ಹಾಕಿದ್ವಿ" ಅನ್ಬೇಕು. ಅಷ್ಟೇ ತಾನೇ? ಎತ್ತು ಕರು ಹಾಕ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅಂದ ಹಾಗೆ! ವಿಚಾರಣಾ ವರದಿ ಓದಿದ್ಯಾ ನೀನು? ಓದಿರ್ತೀಯ. ಏನಿದೆ ಅದರಲ್ಲಿ? ಮಂಜು. ಗುರಿ ಯಾರ್ಡೇ ಆಗಿತ್ತು, ದಟ್ಟ ಮಂಜು ಇತ್ತು, ವಿಮಾನದವರಿಗೆ ದಡ ಗೊತ್ತಾಗ್ಲಿಲ್ಲ. ಮುಗೀತು. ಮಂಜಿಗೆ ಯಾರು ಏನು ಮಾಡೋಕಾಗುತ್ತೆ?

ಹಾಗೆ ನೋಡ್ಬೇಡ ನನ್ನ.

ಏನು… ಹೊಸದೇನಾದ್ರೂ ಕೇಳು. ಆ ದಿನ ನಾನೇನು ಮಾಡ್ತಿದ್ದೆ ಅಂತಾನಾ? ನಿನಗೇ ಗೊತ್ತಲ್ಲ! ಗೇಟಿನ ಕಥೆ! ನಿಮ್ಮಜ್ಜಿ ವರ್ಷಾವರ್ಷಾ ಆ ತಾರೀಖಿಗೆ ಹೇಳ್ತಿದ್ಲು. ಹನ್ನೆರಡಕ್ಕೆ ನನ್ನ ಪಾಳಿ ಮುಗಿಯೋದು. ಹನ್ನೊಂದೂ ಮುಕ್ಕಾಲಿಗೇ ಬಂದು ಗೇಟಿನ ಹತ್ರ ನಿಂತಿದ್ಲು, ಅವಳ ತಂಗಿಯ ಕೋಟು ಹಾಕ್ಕೊಂಡು, ತೋಳು ಗಿಡ್ಡ. ಕಿಟಕಿಯಿಂದ ಕಾಣೋಳು. "ಇವತ್ತು ನಮ್ಮಪ್ಪನ ಹತ್ರ ಬಂದು ಮದುವೆಗೆ ಕೇಳದಿದ್ರೆ ನಾಳೆಯಿಂದ ಬರೋದಿಲ್ಲ" ಅಂತ ಹಿಂದಿನ ದಿನ ಹೇಳಿದ್ಲಲ್ಲ. ನಾನು ಐದು ನಿಮಿಷ ಮುಂಚೆ ಎದ್ದು ಓಡಿದೆ. ಟೋಪಿ ಬಿಟ್ಟು ಓಡಿದೆ! "ನಿಮ್ಮ ತಾತ ಬೆರಳಿಗೆ ಕೆಂಪು ಶಾಯಿ ಮೆತ್ಕೊಂಡೇ ನಮ್ಮಪ್ಪನ ಮುಂದೆ ನಿಂತಿದ್ರು" ಅಂತ ಅವಳು ಹೇಳೋಳು, ನೀವೆಲ್ಲ ಬಿದ್ದೂ ಬಿದ್ದೂ ನಗ್ತಿದ್ರಿ. ನಾನೂ ನಗ್ತಿದ್ದೆ.

ಎರಡು ದಿನ ಆದ್ಮೇಲೆ ವಿಮಾನದಿಂದ ತೆಗೆದ ಫೋಟೋ ಬಂದ್ವು. ಇನ್ನೂ ಒದ್ದೆ ಇದ್ವು. ಬಾಂಬ್ ಬೀಳೋಕೆ ಮುಂಚೆ ತೆಗೆದದ್ದು ಒಂದಿತ್ತು… ಎಷ್ಟು ನಿಚ್ಚಳ ಅಂತೀಯ! ಓಣೀಲಿ ಹಗ್ಗದ ಮೇಲೆ ಬಟ್ಟೆ ಒಣಹಾಕಿದ್ರು. ಎಣಿಸ್ಬಹುದಿತ್ತು ಕಣೇ, ಒಂದೊಂದೇ…

ಏನು?

…ಮಂಜು ಅಂದೆ. ಹೌದು, ಈಗ ತಾನೇ ಅಂದೆ. ಅಲ್ಲ, ಅದು… ಫೋಟೋ ತೆಗೆದಾಗ ಸ್ವಲ್ಪ ಹೊತ್ತು ಬಿಸಿಲು ಬಂದಿರ್ಬಹುದು. ಬಂದಿರ್ಬಾರ್ದಾ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗೆ ಆಡ್ತಿದ್ದೀನಿ ಅನ್ಸುತ್ತಾ ನಿನಗೆ? ಅನ್ಸಿದ್ರೆ ಬಾಯಿ ಬಿಟ್ಟು ಹೇಳು.

ಆ ಹಾಳೆ ಯಾಕೆ ಎತ್ಕೊಂಡೆ? ಇಲ್ಲಿ ಕೊಡು. ಹಳೇ ಹಾಳೆ, ಬಿರುಕು ಬಿಡುತ್ತೆ, ಕೊಡು ಇಲ್ಲಿ.

ಕಣ್ಣು ಯಾಕೆ ಮುಚ್ಕೊಂಡೆ?

…ಬೇಡ ಕಂದಾ. ಬೆರಳು ಇಟ್ಟು ನೋಡ್ಬೇಡ.

ನಾನೇ ಕಲಿಸಿದ್ದು ಅಲ್ವಾ ಅದು. ಆರು ವರ್ಷದವಳು, ಈ ತೊಡೆ ಮೇಲೇ ಕೂತ್ಕೊಂಡು. ಕಣ್ಮುಚ್ಚಿ ಬೆರಳಾಡಿಸು, ಶಾಯಿ ಇರೋ ಕಡೆ ಗೆರೆ ಕೈಗೆ ತಗಲುತ್ತೆ, ಹಿಂಬದಿ ನುಣ್ಣಗಿರುತ್ತೆ… ನುಣ್ಣಗಿದೆ ಅಲ್ವಾ? ಮಗುಚು. ಮಗುಚಮ್ಮಾ, ಇನ್ನೇನಿದೆ. ಈಗ ಶಾಯಿ ಮೇಲೆ ಬಂತು. ಇಡು ನಕ್ಷೆ ಮೇಲೆ. ಮೂರು ಸುತ್ತೂ ಯಾರ್ಡಿನ ಮೇಲೆ. ಒಂದು ಕೂದಲೆಳೆ ಆಚೀಚೆ ಇಲ್ಲ. ಅಷ್ಟು ಚೆನ್ನಾಗಿ ಹಾಕಿದ್ದೆ ನಾನು. ಮತ್ತೆ ಕತ್ತರಿಸಿದ ಮೂಲೆ ಎಲ್ಲಿದೆ ನೋಡು.

ಎಡಗಡೆ.

ನಿಮ್ಮಜ್ಜಿ ಗೇಟಿನ ಹತ್ರ ಕೈ ಎತ್ತಿದ್ಲು. ನಾನು ಕಿಟಕಿ ಕಡೆ ನೋಡ್ಕೊಂಡೇ ಚಕ್ ಅನ್ನಿಸಿದೆ. ಗುಮಾಸ್ತನ ತಪ್ಪೇನಿಲ್ಲ ಪಾಪ. ಮೂಲೆ ಬಲಕ್ಕೆ ಬರೋ ಹಾಗೆ ಮಗುಚಿ ಇಟ್ಟ.

ಫೋಟೋ ಬಂದ ದಿನ ದಳಪತಿಗಳು ಆ ಹಾಳೆ ಹಿಡ್ಕೊಂಡು ನಮ್ಮ ಕೋಣೆಗೆ ಬಂದ್ರು. ಆರು ಜನಾನೂ ಸಾಲಾಗಿ ನಿಂತಿದ್ವಿ. ಅವರೂ ನಿನ್ನ ಹಾಗೇ ಬೆರಳಾಡಿಸಿದ್ರು. ಹಾಳೆ ಮಗುಚಿದ್ರು. ನಮ್ಮ ಮುಖ ಒಂದೊಂದಾಗಿ ನೋಡ್ಕೊಂಡು ಬಂದ್ರು, ನನ್ನ ಹತ್ರ ನಿಂತ್ರು. ಒಂದು ಮಾತೂ ಆಡ್ಲಿಲ್ಲ. ಹಾಳೆ ಕಡತದಲ್ಲಿಟ್ಟು ದಾರ ಕಟ್ಟಿದ್ರು, ಹೋಗಿ ವರದೀಲಿ "ಮಂಜು" ಅಂತ ಬರೆಸಿದ್ರು. ನನಗೆ ಇಪ್ಪತ್ತೆರಡು. ಮುಂದಿನ ತಿಂಗಳು ಮದುವೆ. ಅದೂ ಅವರಿಗೆ ಗೊತ್ತಿತ್ತು.

ಅವರು ಬೇಕಂತ ಮಾಡಿದ್ರು ಅಂದ್ರೆ ನಿನಗೆ ಕೋಪ ಮಾಡ್ಕೊಳ್ಳೋಕೆ ಒಬ್ಬ ಸಿಗ್ತಾನೆ. ನಿಜ ಹೇಳ್ಲಾ? ನಿನ್ನ ಕಾರ್ಡು ನೋಡಿದಾಗ ನನಗೂ ಒಂದು ಕ್ಷಣ ಹಾಯೆನಿಸ್ತು. ಚರಿತ್ರೆ ಅವರನ್ನ ಹಿಡ್ಕೊಳ್ತು, ನಾನು ತಪ್ಪಿಸ್ಕೊಂಡೆ ಅಂತ. ಥೂ… ಎಂಥಾ ಮನುಷ್ಯ ನಾನು.

ಯುದ್ಧ ಸರಿ ಇತ್ತು. ಈಗಲೂ ಅದನ್ನೇ ಹೇಳ್ತೀನಿ. ಆದ್ರೆ ಅದನ್ನ ಓಣಿಯವರಿಗೆ ಹೇಗೆ ಹೇಳೋದು? ಅಂದಿನಿಂದ ಬಲಗಡೆ ಮೂಲೆ ಕತ್ತರಿಸ್ತಾನೇ ಇದ್ದೀನಿ. ಪತ್ರ, ಚೀಟಿ, ಕಾರ್ಡು… ಎಷ್ಟು ಸಾವಿರ ಸಲ ಸರಿಯಾಗಿ ಕತ್ತರಿಸಿದ್ರೂ ಅದೊಂದು ಮೂಲೆ ಸರಿಯಾಗ್ಲಿಲ್ಲ. ನಿಮ್ಮಜ್ಜಿಗೆ ಹೇಳ್ಲಿಲ್ಲ. ಐವತ್ತೆರಡು ವರ್ಷ ಪಕ್ಕದಲ್ಲೇ ಮಲಗಿದ್ದೆ, ಹೇಳ್ಲಿಲ್ಲ. ಹೇಳಿದ್ರೆ ಅವಳ ಗೇಟಿನ ಕಥೆ ಏನಾಗ್ತಿತ್ತು?

ಬೈ. ಏನಾದ್ರೂ ಅನ್ನು. ಹೀಗೆ ಕಲ್ಲಿನ ಹಾಗೆ ಕೂತ್ಕೋಬೇಡ ಕಣೇ… ದಳಪತಿಗಳೂ ಹೀಗೇ ನಿಂತಿದ್ರು.

…ಸರಿ. ನಾಳೆ ಹತ್ತಕ್ಕೆ ಅಲ್ವಾ? ದಳಪತಿಗಳ ಮಗಳೂ ಬರ್ತಾಳೆ ಅಂತ ನೀನೇ ಅಂದಿದ್ದೆ. ಅವಳ ಕುರ್ಚಿ ಮುಂದೆ ಹಾಕ್ಸು, ನನ್ನ ಎಡಗಡೆಗೆ. ಈ ಕಿವಿ ಒಂದು ಇನ್ನೂ ಕೇಳುತ್ತೆ. ನಾನು ಇದನ್ನ ಹೇಳಿದ್ಮೇಲೆ ಅವಳು ಏನಂದ್ರೂ ನನಗೆ ಕೇಳಿಸ್ಬೇಕು.