ಹಬೆಮನೆಯಲ್ಲಿ ತೊಟ್ಟಿಕ್ಕುವ ನೀರು

ನಗುವವರು ಈಗಲೇ ನಕ್ಕುಬಿಡಿ. ನಡುವೆ ನಕ್ಕರೆ ನನಗೆ ಸಿಟ್ಟು ಬರುತ್ತದೆ. ಇದು ಎಲ್ಲೋ ಯಾರಿಂದಲೋ ಕೇಳಿದ್ದಲ್ಲ, ನಮ್ಮ ಪಕ್ಕದ ಮನೆಯ ಫಹಮಿದಾಗೆ ಆದದ್ದು. ರಾಣೆಬೆನ್ನೂರಿನ ಹೆಣ್ಣುಮಗಳು, ನ್ಯೂಜಿಲೆಂಡಿನ ಈ ಟೌರಂಗಾಕ್ಕೆ ಬಂದು ಆಗ ಮೂರ್ನಾಲ್ಕು ವರ್ಷವಾಗಿತ್ತು. ಗಂಡ ನೂರುಲ್ಲಾ ಕಿವಿಹಣ್ಣಿನ ಪ್ಯಾಕ್‌ಹೌಸಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದ. ಮನುಷ್ಯ ಒಳ್ಳೆಯವನು, ಬಾಯಿ ಮಾತ್ರ ಜೋರು. ದೆವ್ವ ಗಿವ್ವ ಬಂದರೆ ಟೀ ಕುಡಿಸಿ ಕಳಿಸುತ್ತೇನೆ ಅನ್ನುತ್ತಿದ್ದ.

ಎರಡು ಸಾವಿರದ ಆರು, ಮಾರ್ಚ್ ತಿಂಗಳು, ಇಲ್ಲಿ ಬೇಸಿಗೆಯ ಕೊನೆ. ಫಹಮಿದಾ ಸಂಜೆ ಹೊತ್ತು ಹಿಲ್ಕಾ ಅನ್ನುವ ಮುದುಕಿಯನ್ನು ನೋಡಿಕೊಳ್ಳಲು ಹೋಗುತ್ತಿದ್ದಳು. ಹಿಲ್ಕಾ ಫಿನ್ಲೆಂಡಿನವಳು. ಗಂಡನಿಗೆ ಕವೆರಾವ್ ಊರಿನ ಕಾಗದದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತೆಂದು ಯಾವ ಕಾಲದಲ್ಲೋ ಇಲ್ಲಿಗೆ ಬಂದಿದ್ದಳು. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಹೃದಯ ಸೋತಿದೆ, ಇನ್ನು ಹೆಚ್ಚು ದಿನವಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ಆಸ್ಪತ್ರೆಗೆ ಮಾತ್ರ ಬರುವುದಿಲ್ಲ ಎಂದು ಹಟ ಹಿಡಿದು ಮನೆಯಲ್ಲೇ ಮಲಗಿದ್ದಳು. ಅವಳ ಹಿತ್ತಲಿನಲ್ಲಿ ಒಂದು ಪುಟ್ಟ ಮರದ ಗೂಡು. ಅವರ ಕಡೆ ಮನೆಗೊಂದು ಇರುತ್ತದಂತೆ, ಸೌನಾ ಅನ್ನುತ್ತಾರೆ. ಕಲ್ಲು ಕಾಯಿಸಿ, ನೀರು ಚಿಮುಕಿಸಿ, ಹಬೆಯಲ್ಲಿ ಮೀಯುವ ಮನೆ. ಗಂಡ ಹೋದ ಮೇಲೆ ಅದಕ್ಕೆ ಯಾರೂ ಬೆಂಕಿ ಹಾಕಿರಲಿಲ್ಲ.

ಹಣ್ಣಿನ ಸೀಸನ್ನು, ಕಾರು ನೂರುಲ್ಲಾನ ಹತ್ತಿರ. ಹಾಗಾಗಿ ಫಹಮಿದಾ ನಡೆದೇ ಮನೆಗೆ ಬರುವಳು. ದಾರಿ ಆ ಹಿತ್ತಲಿನ ಬೇಲಿಗೆ ಅಂಟಿಕೊಂಡೇ ಇತ್ತು. ಬೇಲಿಯ ಮೇಲೆ ಒಂದು ಮುದಿ ಪೊಹುಟುಕಾವಾ ಮರ. ನಮ್ಮ ಆಲದ ಮರದ ಹಾಗೆ ಬೇರು ಇಳಿಬಿಟ್ಟುಕೊಂಡು, ಬೀದಿದೀಪವನ್ನು ಪೂರ್ತಿ ಮುಚ್ಚಿಬಿಟ್ಟಿತ್ತು. ಒಂದು ರಾತ್ರಿ ಅದರ ಕೆಳಗೆ ಬಂದಾಗ...

ಟಪ್.

ನಿಂತಳು.

ಟಪ್... ಟಪ್... ಮರದ ಹಲಗೆಯ ಮೇಲೆ ನೀರು ಬೀಳುವ ಸದ್ದು. ನಡುನಡುವೆ ಸಣ್ಣಗೆ ಚಟ್... ಎಂದು ಏನೋ ಬಿರಿಯುವ ಸದ್ದು. ಬೇಲಿಯ ಆಚೆ, ಆ ಗೂಡಿನ ಒಳಗಿಂದಲೇ. ಮಳೆ ಬಂದು ವಾರಗಳಾಗಿದ್ದವು. ಹುಲ್ಲೆಲ್ಲ ಒಣಗಿ ಗರಗರ ಅನ್ನುತ್ತಿತ್ತು.

ಮನೆಗೆ ಬಂದು ಗಂಡನಿಗೆ ಹೇಳಿದಳು.

"ನಳ ಸೋರಾಕತ್ತಿರಬೇಕು ತಗೋ," ಅಂದ ನೂರುಲ್ಲಾ. "ನಾಳೆ ಮುದುಕಿಗೆ ಹೇಳು. ಪ್ಲಂಬರ್ ಬರ್ತಾನ."

ಮರುದಿನ ಮಧ್ಯಾಹ್ನ ಫಹಮಿದಾಗೆ ಬೇರೊಂದು ಕೆಲಸ ಬಂತು. ಅವರಲ್ಲಿ ಹೆಂಗಸು ತೀರಿಕೊಂಡರೆ ಹೆಂಗಸರೇ ಮಯ್ಯತ್ ತೊಳೆಯಬೇಕು, ಅಂದರೆ ಹೆಣಕ್ಕೆ ಕರ್ಪೂರದ ನೀರಿನಲ್ಲಿ ಕೊನೆಯ ಸ್ನಾನ ಮಾಡಿಸಬೇಕು. ಊರಿನಲ್ಲಿದ್ದಾಗ ಅಜ್ಜಿಯಿಂದ ಕಲಿತಿದ್ದಳು, ಇಲ್ಲಿಯೂ ಕರೆದವರಿಗೆ ಇಲ್ಲವೆನ್ನುತ್ತಿರಲಿಲ್ಲ. ಆ ಕೆಲಸ ಮುಗಿಸಿ, ಸ್ನಾನ ಮಾಡಿ, ನೇರ ಹಿಲ್ಕಾಳ ಮನೆಗೆ ಹೋದಳು. ಮುದುಕಿಗೆ ಸೂಪು ಕುಡಿಸುವಾಗ ಅವಳು ಫಹಮಿದಾಳ ಕೈ ಹಿಡಿದು ಮೂಸಿದಳು.

"ಕರ್ಪೂರ," ಅಂದಳು. "ಯಾರು ಸತ್ತರು?"

ಫಹಮಿದಾ ಹೇಳಿದಳು. ಇಬ್ಬರೂ ಮಾತಾಡುತ್ತಿದ್ದದ್ದು ಇಂಗ್ಲಿಷಿನಲ್ಲೇ ಅನ್ನಿ, ನಾನು ನಮ್ಮ ಮಾತಿನಲ್ಲಿ ಹೇಳುತ್ತಿದ್ದೇನೆ. ಮಾತಿಗೆ ಮಾತು ಬಂದು, ಹಿತ್ತಲಿನ ಗೂಡಿನಲ್ಲಿ ನಲ್ಲಿ ಸೋರುತ್ತಿದೆ ಆಂಟಿ, ಅಂದಳು.

ಮುದುಕಿ ಸೂಪಿನ ಚಮಚ ದೂರ ಸರಿಸಿದಳು.

"ಅಲ್ಲಿ ನಲ್ಲಿಯೇ ಇಲ್ಲ ಮಗಳೇ... ನಿನಗೂ ಕೇಳಿಸ್ತಾ?"

ಆಮೇಲೆ ಅವಳು ಪಿಸುಗುಟ್ಟುತ್ತಾ ಹೇಳಿದ್ದಿಷ್ಟು. ಅವಳಿಗಾಗ ಹದಿನೇಳೋ ಹದಿನೆಂಟೋ, ಎರಡನೇ ಮಹಾಯುದ್ಧದ ಮೊದಲ ಚಳಿಗಾಲ. ಪಕ್ಕದಲ್ಲಿ ರಷ್ಯಾ, ಆನೆಯಂಥ ದೇಶ, ನಿಮ್ಮ ನೆಲ ಕೊಡಿ ಎಂದು ಏರಿ ಬಂತು. ಎಂಥ ಚಳಿ ಅಂದರೆ ಸತ್ತ ಸೈನಿಕರು ಬಿದ್ದ ಭಂಗಿಯಲ್ಲೇ ಕಲ್ಲಾಗುತ್ತಿದ್ದರು. ಸತ್ತವರನ್ನು ಅವರವರ ಊರಿಗೆ ಕಳಿಸಿ ಮಣ್ಣು ಮಾಡುವುದು ಅವರ ಪದ್ಧತಿ. ಆದರೆ ಮಡಚಿಕೊಂಡ ಕೈಕಾಲು ಪೆಟ್ಟಿಗೆಯಲ್ಲಿ ಹಿಡಿಯಬೇಕಲ್ಲ? ಅದಕ್ಕೇ ಸೌನಾ ಕಾಯಿಸಿ, ಅಲ್ಲಿ ಮಲಗಿಸಿ, ಮಂಜು ಕರಗಿದ ಮೇಲೆ ತೊಳೆದು, ಕೈಕಾಲು ನೆಟ್ಟಗೆ ಮಾಡುವ ಕೆಲಸ. ಅದನ್ನು ಮಾಡುತ್ತಿದ್ದವರು ಇಂಥ ಹುಡುಗಿಯರು.

"ಕೊನೆಗೆ ಆರ್ವೋ ಬಂದ," ಅಂದಳು ಹಿಲ್ಕಾ. "ನಮ್ಮ ಪಕ್ಕದ ಮನೆಯವನು. ನಮ್ಮೂರಿನ ಸೌನಾಕ್ಕೇ ತಂದ್ರು. ಬಲಗೈ ಒಂದು ತೊಳೆದಿದ್ದೆ... ಅಷ್ಟರಲ್ಲಿ ಸಂಧಾನ ಆಯ್ತು ಅಂತ ಸುದ್ದಿ. ಗಡಿ ನಮ್ಮ ಮನೆ ದಾಟಿ ಈಚೆಗೆ ಬಂದುಬಿಟ್ಟಿತ್ತು. ಊರು ಇನ್ನು ನಿಮ್ಮದಲ್ಲ, ಹತ್ತಿ ಲಾರಿ, ಅಂದ್ರು. ರಟ್ಟೆ ಹಿಡಿದು ಎಳೆದು ಹತ್ತಿಸಿದ್ರು."

"ಅವರನ್ನ ಅಲ್ಲೇ ಬಿಟ್ಟು ಬಂದ್ರಾ?"

"ಅವನು ಊರಿಗೆ ಬಂದಾಗಿತ್ತು. ಊರೇ ಹೊರಟುಹೋಯ್ತು. ಇನ್ನೆಲ್ಲಿಗೆ ಕಳಿಸಲಿ?"

ಮರುವರ್ಷ ಜರ್ಮನಿಯವರ ಜೊತೆ ಸೇರಿ ಯುದ್ಧ ಮಾಡಿ ಆ ಊರನ್ನು ಮತ್ತೆ ಹಿಡಿದರಂತೆ. ಹಿಲ್ಕಾ ಓಡಿ ಹೋಗಿ ನೋಡಿದರೆ ಸೌನಾ ಇದ್ದ ಜಾಗದಲ್ಲಿ ಬೂದಿ. ಮತ್ತೆ ಸೋತರು, ಮತ್ತೆ ಊರು ಬಿಟ್ಟರು. ಸಹಾಯಕ್ಕೆ ಬಂದಿದ್ದ ಜರ್ಮನಿಯವರೂ ಹೋಗುವಾಗ ಸುಮ್ಮನೆ ಹೋಗಲಿಲ್ಲ, ಉತ್ತರದ ಊರುಗಳಿಗೆಲ್ಲ ಬೆಂಕಿಯಿಟ್ಟು ಹೋದರು. ದೊಡ್ಡವರಿಬ್ಬರ ಕಾಲಡಿ ಸಿಕ್ಕ ಸಣ್ಣವರ ಪಾಡು, ಕೇಳುವವರು ಯಾರು?

"ಮೊದಲು ವರ್ಷಕ್ಕೊಮ್ಮೆ ಬರ್ತಿದ್ದ," ಅಂದಳು ಹಿಲ್ಕಾ. "ಮಾರ್ಚಿನಲ್ಲಿ, ಅವನನ್ನ ಬಿಟ್ಟುಬಂದ ತಿಂಗಳು. ನಾನು ಹಾಸಿಗೆ ಹಿಡಿದ ಮೇಲೆ ದಿನಾ ಬರ್ತಾನೆ. ನೀನು ಕೆಲಸ ಬಲ್ಲವಳು. ನಾನು ಹೋಗೋದರೊಳಗೆ ತೊಳೆದುಬಿಡು. ನಾನೂ ಹೋದರೆ ಅವನಿಗೆ ಯಾರಿದಾರೆ ಮಗಳೇ?"

ಫಹಮಿದಾಗೆ ಅಳು ಬಂತು. ಬೇರೇನು ಕೇಳಿದ್ದರೂ ಮಾಡುತ್ತಿದ್ದಳು. ಆದರೆ ಪರಗಂಡಸಿನ ಮಯ್ಯತ್ತನ್ನು ಹೆಂಗಸು ಮುಟ್ಟುವಂತಿಲ್ಲ. ಅದು ಸಣ್ಣ ಮಾತಲ್ಲ. ರಾತ್ರಿ ಗಂಡನ ಮುಂದೆ ಕೂತಳು.

"ರೀ, ನೀವು ಗಂಡಸರು. ನೀವು ತೊಳೀಬಹುದಲ್ಲ?"

ನೂರುಲ್ಲಾ ನಕ್ಕ. "ಹುಚ್ಚಿ! ಮುದುಕಿ ಭ್ರಮೆಗೆ ನಾ ಯಾರನ್ನ ತೊಳೀಲಿ?"

"ಭ್ರಮೆ ಆದ್ರ ಖಾಲಿ ಹಲಗಿ ಮ್ಯಾಲೆ ನೀರು ಹಾಕಿ ಬರ್ರಿ. ಆಕಿಗೆ ಸಮಾಧಾನ ಆಗತೈತಿ."

ನೂರುಲ್ಲಾ ಒಪ್ಪಿದ. ಮರುರಾತ್ರಿ ರಜೆ ಹಾಕಿ ಬಂದ. ಹಿಲ್ಕಾಳ ಉಸಿರು ಆಗಲೇ ಗೊರಗೊರ ಅನ್ನುತ್ತಿತ್ತು. ನರ್ಸ್ ಬಂದು ಇಂಜೆಕ್ಷನ್ ಕೊಟ್ಟು, ಇವತ್ತೋ ನಾಳೆಯೋ ಎಂದು ಹೇಳಿ ಹೋಗಿದ್ದಳು. ಫಹಮಿದಾ ನೀಲಿ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಬಿಸಿನೀರು ತುಂಬಿ, ಕರ್ಪೂರ ಪುಡಿ ಮಾಡಿ ಹಾಕಿದಳು. ಮುದುಕಿ ನೋಡುತ್ತಲೇ ಇದ್ದಳು.

"ಕಿಟಕಿ ತೆಗೆದಿಡು," ಅಂದಳು. "ನನಗೆ ಕೇಳಿಸಬೇಕು."

ನೂರುಲ್ಲಾ ಬಕೆಟ್ಟು ಹಿಡಿದು ಮುಂದೆ, ಫಹಮಿದಾ ಟಾರ್ಚು ಹಿಡಿದು ಹಿಂದೆ. ಹಿತ್ತಲು ಬೆಚ್ಚಗಿತ್ತು. ಜೀರುಂಡೆಗಳು ಚಿರ್ರ್ ಅನ್ನುತ್ತಿದ್ದವು. ಗೂಡಿನ ಹತ್ತಿರ ಬಂದಂತೆ ಅವೆಲ್ಲ ಒಮ್ಮೆಗೇ ನಿಂತವು.

ಟಪ್... ಟಪ್...

"ಕೇಳಿಸ್ತಾ?" ಪಿಸುಗುಟ್ಟಿದಳು.

ನೂರುಲ್ಲಾ ಬಕೆಟ್ಟು ಕೆಳಗಿಟ್ಟ. ಅಗುಳಿ ಎತ್ತಿದ. ಖಟ್. ಬಾಗಿಲು ಕಿರ್ರ್... ಎಂದು ಒಳಗೆ ಸರಿಯಿತು. ಒಳಗಿಂದ ಚಳಿ ಬಂದು ಮುಖಕ್ಕೆ ಬಡಿಯಿತು. ಇಬ್ಬರ ಉಸಿರೂ ಟಾರ್ಚಿನ ಬೆಳಕಿನಲ್ಲಿ ಹೊಗೆಯಂತೆ ಕಂಡಿತು.

ಹಲಗೆಯ ತುದಿಯಲ್ಲಿ ಎರಡು ಕಾಲು. ಒಂದರಲ್ಲಿ ಬೂಟು, ಇನ್ನೊಂದು ಬರಿಗಾಲು. ಹಿಮ್ಮಡಿಯಿಂದ ನೀರು ಇಳಿಯುತ್ತಿತ್ತು...

ಫಹಮಿದಾ ಟಾರ್ಚು ಆರಿಸಿಬಿಟ್ಟಳು.

"ಹೋಗ್ರೀ..." ಅಂದಳು. "ಒಂದ ಕೈ ರೀ... ಬರೀ ಒಂದ ಕೈ ತೊಳದು ಬರ್ರಿ..."

"ಕಾಲು ಏಳವಲ್ದು ಫಹಮಿದಾ. ಅಲ್ಲಾಹ್ ಕಸಮ್... ಏಳವಲ್ದು."

ಆ ಬಾಯಿಬಡುಕ ಮಗುವಿನಂತೆ ಅಳುತ್ತಿದ್ದ. ಅವನನ್ನು ದೂರಬೇಡಿ, ನೀವಾಗಿದ್ದರೆ ಹೊಸ್ತಿಲ ತನಕವೂ ಹೋಗುತ್ತಿರಲಿಲ್ಲ. ಫಹಮಿದಾ ತಾನೇ ಹೋಗಲೆಂದು ಒಂದು ಹೆಜ್ಜೆ ಎತ್ತಿದಳಂತೆ. ಅಜ್ಜಿ ಕಲಿಸಿದ್ದು ನೆನಪಾಗಿ ಅದನ್ನೂ ಇಡಲಾಗಲಿಲ್ಲ. ಕೊನೆಗೆ ಬಕೆಟ್ಟನ್ನು ಹೊಸ್ತಿಲ ಒಳಗೆ ಇಟ್ಟು, ಬಾಗಿಲು ಎಳೆದುಕೊಂಡು ಬಂದುಬಿಟ್ಟರು.

ಹಿಲ್ಕಾ ಕಣ್ಣು ತೆರೆದೇ ಇದ್ದಳು.

"ಆಯ್ತಾ?"

"ಆಯ್ತು ಆಂಟಿ. ತೊಳೆದ್ವಿ."

"ಎರಡೂ ಕೈ?"

"ಎರಡೂ..."

ಮುದುಕಿ ಕಿಟಕಿಯ ಕಡೆ ಕಿವಿಗೊಟ್ಟಳು. ಹೊರಗೆ... ಟಪ್. ಟಪ್.

"ಸುಳ್ಳು ಹೇಳ್ತೀಯ," ಅಂದಳು. ಸಿಟ್ಟಿರಲಿಲ್ಲ. ಫಹಮಿದಾಳ ಬೆನ್ನು ಸವರಿದಳು. "ನಿನ್ನ ಕೈಲೂ ಆಗಲಿಲ್ಲ. ಇರಲಿ ಬಿಡು ಮಗಳೇ... ನನ್ನ ಕೈಲೂ ಆಗಿರಲಿಲ್ಲ."

ಬೆಳಕು ಹರಿಯುವ ಮುಂಚೆ ಹೋಗಿಬಿಟ್ಟಳು. ತಾನೇ ಅವಳನ್ನು ಮೀಯಿಸುತ್ತೇನೆ ಎಂದು ಫಹಮಿದಾ ಕೇಳಿಕೊಂಡಳು, ಆದರೆ ಶವಸಂಸ್ಕಾರದವರು ವ್ಯಾನಿನಲ್ಲಿ ಬಂದು ತಮ್ಮ ಪಾಡಿಗೆ ತಾವು ತೆಗೆದುಕೊಂಡು ಹೋದರು. ಆ ಕೆಲಸವೂ ಅವಳ ಕೈಗೆ ಸಿಗಲಿಲ್ಲ. ವ್ಯಾನು ತಿರುವಿನಲ್ಲಿ ಮರೆಯಾಗುವವರೆಗೂ ಗೇಟಿನಲ್ಲೇ ನಿಂತು ಅತ್ತಳು.

ಆಗ ನನಗೆ ಫೋನು ಮಾಡಿದ್ದು. ಬಕೆಟ್ಟು ತರಬೇಕು, ನಾವಿಬ್ಬರೇ ಹೋಗಲು ಧೈರ್ಯವಿಲ್ಲ, ಬರ್ರಿ ಆಂಟಿ, ಎಂದು. ಹೋದೆ. ಬಿಸಿಲು ಚುರುಗುಟ್ಟುತ್ತಿತ್ತು. ಬಾಗಿಲು ತೆಗೆದವಳು ನಾನೇ. ಒಳಗೆ ಯಾರೂ ಇರಲಿಲ್ಲ. ಹಲಗೆ ಒಣಗಿ, ಮೇಲೆ ಬೆರಳು ಎಳೆಯುವಷ್ಟು ಧೂಳಿತ್ತು. ಸದ್ದಿಲ್ಲ, ಏನಿಲ್ಲ. ಹೊಸ್ತಿಲ ಒಳಗೆ ಬಕೆಟ್ಟು ಇಟ್ಟಲ್ಲೇ ಇತ್ತು. ಅದರ ನೀರು ಅಡಿಯ ತನಕ ಹೆಪ್ಪುಗಟ್ಟಿ ಗಟ್ಟಿ ಮಂಜುಗಡ್ಡೆಯಾಗಿತ್ತು. ಟೌರಂಗಾದಲ್ಲಿ, ಮಾರ್ಚಿನಲ್ಲಿ! ನೀವು ನಂಬಿದರೆ ನಂಬಿ, ಬಿಟ್ಟರೆ ಬಿಡಿ, ನೂರುಲ್ಲಾ ಅದನ್ನು ಹುಲ್ಲಿನ ಮೇಲೆ ತಂದಿಟ್ಟಿದ್ದನ್ನು ಈ ಕಣ್ಣಿಂದ ನೋಡಿದ್ದೇನೆ, ಮುಟ್ಟಿದ್ದೇನೆ, ಕರ್ಪೂರದ ವಾಸನೆ ಬರುತ್ತಿತ್ತು. ಮಂಜುಗಡ್ಡೆಯ ನಡುವೆ ಒಂದು ಗುಳಿ ಇತ್ತು, ಯಾರೋ ಮಣಿಕಟ್ಟಿನ ತನಕ ಕೈ ಅದ್ದಿ ತೆಗೆದ ಹಾಗೆ. ಐದು ಬೆರಳೂ ಸ್ಪಷ್ಟವಾಗಿದ್ದವು.

ಫಹಮಿದಾ ಕುಕ್ಕರುಗಾಲಿನಲ್ಲಿ ಕೂತು ಮೊದಲು ತನ್ನ ಬಲಗೈ ಇಟ್ಟು ನೋಡಿದಳು. ಕೂಡಲಿಲ್ಲ, ಹೆಬ್ಬೆರಳು ಆ ಕಡೆಗಿತ್ತು. ಆಮೇಲೆ ಎಡಗೈ ಇಟ್ಟಳು. ಹೆಬ್ಬೆರಳು ಸರಿಯಾಗಿ ಕೂತಿತು; ಹಿಲ್ಕಾ ತೊಳೆಯದೆ ಬಿಟ್ಟುಬಂದಿದ್ದ ಕೈ ಅದೇ.